ಒಲೆಯ ಎಡಕ್ಕೆ ಸೌಟು

ದೊಡ್ಡಮ್ಮಾ,

ಕಣ್ಣುರಿ ವಾಸಿಯಾಗಿದೆ, ಗಾಬರಿಪಡಬೇಡ. ನಮ್ಮ ಕಚೇರಿಯಲ್ಲಿ ತಯಾರಿಸುತ್ತಿರುವ ಕಂಪ್ಯೂಟರ್ ಆಟದಲ್ಲಿ ಕಣ್ಣಿಗೆ ಪೆಟ್ಟಿಗೆಯಂಥದ್ದನ್ನು ಕಟ್ಟಿಕೊಂಡರೆ ಮುನ್ನೂರು ವರ್ಷ ಹಿಂದಿನ ಪಟ್ಟಣದೊಳಗೆ ಓಡಾಡಬಹುದು. ಅಲ್ಲಿನ ಅಡುಗೆಮನೆಗಳೆಲ್ಲ ನನ್ನ ಪಾಲಿನ ಕೆಲಸ. ಹೋದ ವಾರ ತಪ್ಪುಒಪ್ಪು ನೋಡಲು ಕರೆಸಿದ್ದ ಇತಿಹಾಸದ ಮೇಷ್ಟ್ರು ಆಟದೊಳಗೆ ಮನೆಮನೆ ಹೊಕ್ಕು ಬಂದು, “ಅಲ್ಲಮ್ಮಾ, ಎಲ್ಲರ ಮನೇಲೂ ಸೌಟು ಒಲೆ ಎಡಕ್ಕೇ ಇದೆಯಲ್ಲ, ಊರಿಗೂರೇ ಎಡಚರಾ?” ಎಂದರು. ಕಚೇರಿಯೆಲ್ಲ ನಕ್ಕಿತು. ನಿನ್ನ ಎಡಗೈಗೆ ಸಿಗುವ ಹಾಗೆ ಇಟ್ಟುಬಿಟ್ಟಿದ್ದೇನೆಂದು ನನಗೂ ಆಗಲೇ ಹೊಳೆದದ್ದು.

ಎಲ್ಲವನ್ನೂ ಬಲಕ್ಕೆ ಸರಿಸಿದೆ, ಮೂಲೆಮನೆಯದೊಂದನ್ನು ಬಿಟ್ಟು. ಊಟದ ಬಿಡುವಿನಲ್ಲಿ ಅಲ್ಲಿ ಹೋಗಿ ಕೂರುತ್ತೇನೆ. ಒಲೆ ಉರಿಯುತ್ತಿರುತ್ತದೆ, ಬಿಸಿ ಮಾತ್ರ ತಾಕದು. ನೀನು ಹಿತ್ತಿಲಿಗೆ ಹೋಗಿದ್ದೀಯ, ಇನ್ನೇನು ಬಂದು “ದಾರಿ ಬಿಡೇ, ಬಾಲ” ಅಂತ ಗದರುತ್ತೀಯ ಅನ್ನಿಸುತ್ತದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ಬಾಲ