'ಮ' ಪಕ್ಕದ ಸೊನ್ನೆ

ಏಪ್ರಿಲ್ 3, ಬೆಳಿಗ್ಗೆ 9.10
ಒಡೆಯರಪಾಳ್ಯದ ಬಸ್ಸು ಇವತ್ತೂ ಕೈಕೊಟ್ಟಿತು. ಕಾಡಂಚಿನ ನಮ್ಮೂರು ಪೋಡಿನಿಂದ ವೀಕ್ಷಣಾಲಯಕ್ಕೆ ನಡೆದೇ ಬಂದೆ. ಬಿಸಿಲು ಚೆನ್ನಾಗಿದೆ. ದೂರದರ್ಶಕದಿಂದ ಬಿದ್ದ ಸೂರ್ಯನ ಬಿಂಬ ಹಾಳೆಯ ವೃತ್ತಕ್ಕೆ ಸರಿಯಾಗಿ ಕೂತಿತು. ಕಲೆಗಳು ಹನ್ನೊಂದು. ಪೆನ್ಸಿಲಿನಲ್ಲಿ ಗುರುತು ಮಾಡಿ, ಪಕ್ಕದಲ್ಲಿ 'ಮಂ' ಅಂತ ಹಾಕಿದೆ. ಇಪ್ಪತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಮೇ 31ಕ್ಕೆ ರಿಟೈರ್ಡ್.

ವೀಕ್ಷಣಾಲಯಕ್ಕೆ ಐವತ್ತು ತುಂಬಿತು. ಅದರ ಚರಿತ್ರೆ ಕೊಳ್ಳೇಗಾಲದ ಪ್ರೆಸ್ಸಿನಲ್ಲಿ ಅಚ್ಚಾಗುತ್ತದಂತೆ. ಬರೆಯುತ್ತಿರುವುದು ಸೌಮ್ಯ ಮೇಡಂ, ಹೊಸ ವಿಜ್ಞಾನಿ. ನನ್ನ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದ್ದಾರೆ. ಹೆಸರೂ ಬರಬಹುದು... ಮನೆಯಲ್ಲಿ ಹೇಳಿದರೆ ಗಂಡ ಸೋಮಣ್ಣ ನಕ್ಕ.
"ಸೂರ್ಯನ್ ಮಕದಲ್ಲೂ ಕಲೆ ಉಡುಕ್ದೋಳು ಅಂತ ಆಕ್ತಾರೆ ಬುಡಮ್ಮಿ."

ಏಪ್ರಿಲ್ 9
ಮೇಡಂ ಕರೆಸಿದರು. ಮುಖ ಗಂಟು. ಕಂಪ್ಯೂಟರ್ ಕಲೆ ಎಣಿಸಿದೆ. ಎಡ ಅಂಚಿನಲ್ಲಿ ಒಂದು ಕಲೆ ಸದಾ ಇದೆಯಂತೆ. ಸೂರ್ಯ ತಿರುಗುತ್ತಾನೆ, ಕಲೆ ದಿನದಿನವೂ ಬಲಕ್ಕೆ ಸರಿಯಬೇಕು. ಇದು ಇಪ್ಪತ್ತೊಂಬತ್ತು ವರ್ಷದಿಂದ ಕದಲಿಲ್ಲ.
"ನಿಮ್ಮ ಡ್ರಾಯಿಂಗೇ ತಪ್ಪು ಮಂಗಳಮ್ಮ. ಅಷ್ಟೂ ವರ್ಷದ್ದನ್ನ ಪುಸ್ತಕದಿಂದ ತೆಗೀರಿ ಅಂದಿದ್ದಾರೆ ಡೈರೆಕ್ಟರ್."
ಹಳೆ ಹಾಳೆಗಳ ಬೀರುವಿನ ಕೀಲಿ ಇಸಕೊಂಡು ಬಂದೆ.

ಏಪ್ರಿಲ್ 10
ಹಳೆ ಹಾಳೆ ತೆಗೆದು ನೋಡಿದೆ. ನನ್ನ ಸೊನ್ನೆ! 'ಮ' ವೃತ್ತದ ಹೊರಗೆ, ಸೊನ್ನೆ ಒಳಗೆ. ಅದನ್ನೇ ಕಲೆ ಅಂತ ಎಣಿಸಿದೆ ಕಂಪ್ಯೂಟರು. ಅದಕ್ಕೆ ಕನ್ನಡ ಬರಬೇಕಲ್ಲ.
ಹಾಳೆಯಲ್ಲಿ 'ವೀಕ್ಷಕರು' ಅಂತ ಒಂದೇ ಕಾಲಂ. ಅಲ್ಲಿ ಡೈರೆಕ್ಟರ್ ಹೆಸರು ಅಚ್ಚಾಗಿಯೇ ಬರುತ್ತದೆ. ಕೆಲಸಕ್ಕೆ ಸೇರಿದಾಗ ಅಂದಿನ ಡೈರೆಕ್ಟರ್ ಗುರುಪಾದಸ್ವಾಮಿ ಸಾರನ್ನು ಕೇಳಿದ್ದೆ, ನಾನೆಲ್ಲಿ ಸೈನ್ ಹಾಕಲಿ ಅಂತ. "ಅಂಚಲ್ಲಿ ಎಲ್ಲಾರ ಹಾಕ್ಕೋ ಹೋಗಮ್ಮ" ಅಂದಿದ್ದರು. ಅಂಚಿನಲ್ಲಿ ಜಾಗ ಇದ್ದದ್ದೇ ಅಷ್ಟು.
ಓಡಿಹೋಗಿ ತೋರಿಸಿದೆ. ಮೇಡಂ ನಕ್ಕರು. "ಅಯ್ಯೋ, ಇಷ್ಟೇನಾ!" ನನಗೆ ನಗು ಬರಲಿಲ್ಲ.

ಏಪ್ರಿಲ್ 15
ಮೇಡಂ ಬಂದು ಹೇಳಿದರು: ಪುಸ್ತಕಕ್ಕೆ ಚಿತ್ರ ಬೇಕು. ಸೊನ್ನೆ ಬೇಡ.
"ಎಲ್ಲಿದೆ ಅಂತ ನಿಮಗೇ ಗೊತ್ತಲ್ಲ, ನೀವೇ ಒರೆಸಿಬಿಡಿ. ಹಳೇ ಸ್ಕ್ಯಾನ್ ಡಿಲೀಟ್ ಮಾಡಿದ್ದಾಯ್ತು. ಹೊಸದಾಗಿ ಮಾಡ್ತೀವಿ." ಎರಡು ಡಜನ್ ರಬ್ಬರ್ ಕೊಟ್ಟರು.
"ಬುಕ್ಕಲ್ಲಿ ನನ್ ಎಸ್ರು ಮೇಡಂ?"
"ಸಹಾಯಕ ಸಿಬ್ಬಂದಿಗೆ ಕೃತಜ್ಞತೆಗಳು ಅಂತ ಒಂದು ಸಾಲಿದೆಯಲ್ಲ."
ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಏಳು ಸಾವಿರ ಚಿಲ್ಲರೆ ಹಾಳೆ.

ಮೇ 2
2003ರವರೆಗಿನ ಹಾಳೆ ಮುಗಿಯಿತು. ಸೊನ್ನೆ ಹೋದರೆ ಬರೀ 'ಮ' ಉಳಿಯುತ್ತದೆ. ಯಾರ 'ಮ'? ಅದನ್ನೂ ಒರೆಸುತ್ತಿದ್ದೇನೆ. ಬೆರಳಲ್ಲಿ ಬೊಬ್ಬೆ. ಸೋಮಣ್ಣ ಹೇಳುತ್ತಾನೆ — "ಒಂದೆಲ್ಡಾ ಬುಟ್ಬುಡಮ್ಮಿ, ಯಾರ್ ನೋಡಾರು?" ಬಿಡುವುದಿಲ್ಲ. ಒರೆಸು ಅಂದರಲ್ಲ, ಒರೆಸುತ್ತೇನೆ. ಸಿಟ್ಟಿಗೇ ಒರೆಸುತ್ತಿದ್ದೇನೆ. ಈಗೀಗ ನೋಡುವುದೂ ಇಲ್ಲ, ಕೈ ತಾನಾಗಿ ಹೋಗುತ್ತದೆ.

ಮೇ 19, ಮಧ್ಯಾಹ್ನ
2009ರದೊಂದು ಹಾಳೆ. ಸೊನ್ನೆ ಒರೆಸಿದೆ. 'ಮ' ಒರೆಸಲು ಹೋದರೆ — ಇಲ್ಲ. 'ಮಂ' ಕೆಳಗಿದೆ, ಕೆಳ ಅಂಚಿನಲ್ಲಿ.
ಒರೆಸಿದ್ದು ಸೊನ್ನೆಯಲ್ಲ. ಕಲೆ. ಸೂರ್ಯನದೇ ಕಲೆ.
ನೆನಪಾಯಿತು. ಒಂದು ತಿಂಗಳು ಸೂರ್ಯ ಖಾಲಿ ಇದ್ದ. ಆಮೇಲೆ ಇದೊಂದು ಬಂತು. ಆಗಲೂ ಡೈರೆಕ್ಟರಾಗಿದ್ದ ಗುರುಪಾದಸ್ವಾಮಿ ಸಾರ್ ಖುಷಿಗೆ ಎಲ್ಲರಿಗೂ ಟೀ ಕೊಡಿಸಿದ್ದರು. ಅದಕ್ಕೆ ಜಾಗ ಬಿಟ್ಟು ನಾನೇ ಕೆಳಗೆ ಸರಿದಿದ್ದೆ.
ಮೇಡಂ ಇಣುಕಿದರು. "ಎಲ್ಲಾ ಸರಿ ಇದೆಯಾ?"
"ಊಂ ಮೇಡಂ" ಅಂದೆ.

ಮೇ 20, ಬೆಳಿಗ್ಗೆ 10
ನಿದ್ದೆ ಇಲ್ಲ. ಬಂದವಳೇ ಪೆನ್ಸಿಲ್ ಚೂಪು ಮಾಡಿದೆ. ನೆನಪಿನಿಂದ ಬರೆದುಬಿಡಬಹುದು. ಯಾರಿಗೂ ತಿಳಿಯದು. ಆದರೆ ಅದು ಸೂರ್ಯನದಾಗುವುದಿಲ್ಲ, ನನ್ನದಾಗುತ್ತದೆ. ಕಾಣದ್ದನ್ನು ಒಂದು ದಿನವೂ ಬರೆದವಳಲ್ಲ ನಾನು.
ಪೆನ್ನು ತೆಗೆದುಕೊಂಡೆ. ರಬ್ಬರಿಗೆ ಹೋಗಬಾರದು. 'ವೀಕ್ಷಕರು' ಕಾಲಂನಲ್ಲಿ, ಸಾರ್ ಹೆಸರಿನ ಕೆಳಗೆ ಬರೆದೆ — 'ಈ ದಿನ ಎಡ ಅಂಚಿನಲ್ಲಿ ಒಂದು ಕಲೆ ಇತ್ತು. ಕಂಡವಳು, ಬರೆದವಳು, ಒರೆಸಿದವಳು: ಮಂಗಳ.'
ಏಳು ಸಾವಿರ ಹಾಳೆಯಲ್ಲಿ ಪೂರ್ತಿ ಹೆಸರು ಇದೊಂದರಲ್ಲೇ. ಅದೂ ತಪ್ಪಿನ ಕೆಳಗೆ.
ಸ್ಕ್ಯಾನಿಗೆ ಕೊಟ್ಟು ಬಂದು ಕೂತೆ. ಪಕ್ಕದ ರೂಮಿನಲ್ಲಿ ಮೆಷಿನ್ ನಿಂತಿತು. ಮೇಡಂ ಓದುತ್ತಿರಬೇಕು. ಕುರ್ಚಿ ಸರಿದ ಸದ್ದು. ಕೂಗುತ್ತಿದ್ದಾರೆ — "ಮಂಗಳಮ್ಮ, ಬನ್ನಿ ಇಲ್ಲಿ!" ಪೆನ್ನು ಮುಚ್ಚಿ ಏಳುತ್ತೇನೆ.