ಗಡವನಿಗೆ ‘ಹೋಗಿ ಬಾ’ ಅಂದದ್ದು

ಗಡವನಾಮ ಸಂವತ್ಸರ, ಎರಡನೆಯ ಶ್ರಾವಣ, ಬಹುಳ ಇಪ್ಪತ್ತು, ಸೋಮವಾರ
ಕಲ್ಲಹೊಲ, ಹಿಂಗವಿಯ ಬಾಯಿ

ಏಳು ತಲೆಮಾರು ಹಿಂದೆ ಇರುವ ಮಕ್ಕಳಿಗೆ, ಕಲ್ಲಯ್ಯನ ಗುಡಿಯ ಅಂಗಳ ಗುಡಿಸುವ ಗುರುಸಿದ್ಧವ್ವನ ಶರಣಾರ್ಥಿ.

ತಾರೀಖು ನೋಡಿ ನಾನು ತಪ್ಪು ಬರೆದೆ ಅಂದುಕೊಳ್ಳಬೇಡಿ. ಸಂವತ್ಸರಗಳು ಅರವತ್ತೇ ಎಂದು ನಿಮ್ಮ ಹಿರಿಯರು ಹೇಳುತ್ತಾರೆ, ನಿಜ. ಗಡವಗಳು ಬಂದ ವರ್ಷಕ್ಕೆ ಆ ಅರವತ್ತರಲ್ಲಿ ಒಂದು ಹೆಸರೂ ಒಗ್ಗಲಿಲ್ಲ, ಅದಕ್ಕೇ ಅರವತ್ತೊಂದನೆಯದನ್ನು ಸೇರಿಸಿದೆವು. ಪಕ್ಷಕ್ಕೆ ಹದಿನೈದೇ ದಿನ ಅನ್ನುವುದೂ ನಿಜ. ಆದರೆ ಪಂಚಾಂಗ ನೋಡುವ ನಮ್ಮ ಅಯ್ಯನವರು ಗಡವನಿಗೆ ಹೆದರಿ ಐದು ದಿನ ನೆಲದೊಳಗಿನ ಜೋಳದ ಹಗೇವಿನಲ್ಲಿ ಅಡಗಿ ಕುಳಿತಿದ್ದರು. ಆಗ ತಪ್ಪಿದ ಎಣಿಕೆ ಇನ್ನೂ ಸರಿಹೋಗಿಲ್ಲ. ನಾನು ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ನನ್ನ ಮಾತು ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಗಡವನ ಹಾಗಲ್ಲ, ಮನುಷ್ಯರ ಹಾಗೆ.

ಗಡವ ಅಂದರೆ ಏನೆಂದು ಮೊದಲು ಹೇಳಬೇಕು. ಮೂರು ಆನೆ ಒಂದರ ಮೇಲೊಂದು ನಿಂತಷ್ಟು ಎತ್ತರ, ಮೈತುಂಬ ಕುರಿಯ ಉಣ್ಣೆ, ಬಂಡಿ ಗಾಲಿಯಷ್ಟು ದೊಡ್ಡ ಕಣ್ಣು. ಸೀನಿದರೆ ಬಣವಿ ಹಾರಿ ಪಕ್ಕದವರ ಹೊಲದಲ್ಲಿ ಬೀಳುತ್ತದೆ, ಆಮೇಲೆ ಎರಡು ಮನೆಯವರಿಗೂ ಜಗಳ. ಅವು ಬಂದದ್ದು ಹಿಂಗವಿಯಿಂದ. ಹಿಂಗವಿ ನಮ್ಮೂರ ಗುಡ್ಡದಲ್ಲಿರುವ ಒಂದು ಬಿರುಕು. ಅದರೊಳಗೆ ಹೋದದ್ದು ಹಿಂದಿನ ಕಾಲದಲ್ಲಿ ಮೇಲೇಳುತ್ತದೆ. ಹೋದ ವರ್ಷ ನಮ್ಮ ಗುಡಿಯ ಗಂಟೆ ಉರುಳಿ ಅದರಲ್ಲಿ ಬಿತ್ತು. ಹುಡುಕಿದರೆ, ಆ ಗಂಟೆ ಗುಡ್ಡದ ಮೇಲೆ ಕುರಿಯವನಿಗೆ ಸಿಕ್ಕಿತೆಂದು ಇನ್ನೂರು ವರ್ಷದ ಹಿಂದಿನ ಕಲ್ಲಿನ ಮೇಲೆ ಕೊರೆದಿತ್ತು. ಗಡವಗಳು ನಮಗಿಂತ ಮುಂದಿನ ಯಾವುದೋ ಕಾಲದಿಂದ ಹೀಗೇ ಉರುಳಿ ಬಂದವು, ಒಟ್ಟು ನಲವತ್ತು. ಮೂವತ್ತೊಂಬತ್ತು ಪಟ್ಟಣದ ಕಡೆ ಹೋದವು. ಒಂದು ನಮ್ಮಲ್ಲಿ ಉಳಿಯಿತು.

ಅವತ್ತು ಬೆಳಿಗ್ಗೆ ನಾನು ವಿಭೂತಿ ಧರಿಸಿ ಗುಡಿಯ ಅಂಗಳ ಗುಡಿಸುತ್ತಿದ್ದೆ. ನೆರಳು ಬಿತ್ತು. ತಲೆ ಎತ್ತಿದರೆ ಗಡವ. ಓಡಬೇಕಿತ್ತು, ಆದರೆ ನಾಲಿಗೆ ತನ್ನ ರೂಢಿ ಬಿಡಲಿಲ್ಲ. “ಊಟಾ ಆತೇನಪ್ಪಾ?” ಅಂದೆ. ಅದು ಇಲ್ಲವೆಂದು ತಲೆಯಾಡಿಸಿತು. “ತಲಿ ಮ್ಯಾಲಿನ ತಗಡ ಬಿಟ್ಟರ ನಮ್ಮ ಮನ್ಯಾಗ ಏನೂ ಇಲ್ಲೋ ಯಪ್ಪಾ” ಅಂದೆ. ಅದು ಸೀದಾ ನನ್ನ ಮನೆಗೆ ಹೋಗಿ ತಗಡು ಕಿತ್ತು ಹಪ್ಪಳದ ಹಾಗೆ ಕಡಿದು ತಿಂದಿತು. ನಾನು ಕೈಮುಗಿದು, “ಆತು, ಹೋಗಿ ಬಾರಪ್ಪಾ” ಅಂದೆ. ಅದು ಗುಡ್ಡಕ್ಕೆ ಹೋಯಿತು. ಮರುದಿನ ಬೆಳಿಗ್ಗೆ ಬಂತು.

ದಿನಕ್ಕೊಂದು ಮನೆಯ ತಗಡು ಹೋಯಿತು. ಪ್ರತಿ ಮನೆಯವರೂ ಅಳುತ್ತ ಅಳುತ್ತಲೇ ಅದನ್ನು ಮರ್ಯಾದೆಯಿಂದ ಬೀಳ್ಕೊಟ್ಟರು. ಸೂರು ಹೋದ ಮೇಲೆ ನಾವು ಬಿಸಿಲುಬಟ್ಟೆಯ ಕೆಳಗೆ ಬದುಕಿದೆವು. ಇದು ಹಗಲಿನ ಬಿಸಿಲನ್ನು ಹೀರಿಕೊಂಡು ಸಂಜೆ ಬೆಚ್ಚಗಾಗುವ ಬಟ್ಟೆ. ಅದರ ಮೇಲೆ ರೊಟ್ಟಿಯನ್ನೂ ಬೇಯಿಸಬಹುದು, ಮರೆತು ಮಲಗಿದರೆ ಬೆನ್ನೂ ಬೇಯುತ್ತದೆ. ಮಳೆ ನೀರು ಮಾತ್ರ ಅದು ತಡೆಯುವುದಿಲ್ಲ. ಹುಡುಗರಿಗೆ ಹಬ್ಬ. ಗಡವನ ಬೆನ್ನೇರಿ ಬಾಲದಿಂದ ಜಾರುವುದು, ಮತ್ತೆ ಏರುವುದು. ನಮ್ಮ ಚನವೀರಗೌಡರು ಒಮ್ಮೆ ಸಿಟ್ಟಿನಿಂದ, “ಇಷ್ಟ ತಿಂತೀ, ಕೆರಿ ಹೂಳರ ತಗಿ” ಎಂದು ಬೈದರು. ಮರುದಿನ ನೋಡಿದರೆ ಕೆರೆಯ ಹೂಳೆಲ್ಲ ದಂಡೆಯ ಮೇಲೆ. ನಾವು ಅದನ್ನು ಕಲ್ಲಯ್ಯನ ಪವಾಡವೆಂದು ತಿಳಿದು ಹನ್ನೊಂದು ಕಾಯಿ ಒಡೆಸಿದೆವು.

ಶ್ರಾವಣದ ಮಳೆ ಹಿಡಿಯುವ ಹೊತ್ತಿಗೆ ಊರಲ್ಲಿ ಒಂದೇ ಸೂರು ಉಳಿದಿತ್ತು, ಸಾಲೆಯದು. ಹುಡುಗರು, ಮುದುಕರು, ಹಸಿ ಬಾಣಂತಿ, ಎಲ್ಲರೂ ಅದರ ಕೆಳಗೆ. ಅದೂ ಹೋದರೆ ಆ ಕೂಸು ಮಳೆಯಲ್ಲಿ ಉಳಿಯುತ್ತಿರಲಿಲ್ಲ.

ಇಲ್ಲಿ ನಾನು ರಾಜಮಾಳ ಹೆಸರು ಬರೆಯಬೇಕು. ಗಾದಿ ಹೊಲಿಯುವ ಮೋದಿನಸಾಬರ ಮಗಳು, ಹನ್ನೊಂದು ವರ್ಷ, ಮುಂದಿನ ಎರಡು ಹಲ್ಲಿನ ನಡುವೆ ಸಂದು. ಐವತ್ತು ವರ್ಷದಲ್ಲಿ ನಾನು ಬಹಳ ಜನ ಧೈರ್ಯವಂತರನ್ನು ನೋಡಿದ್ದೇನೆ, ಅವರಲ್ಲಿ ಹೆಚ್ಚಿನವರು ಧೈರ್ಯದ ಜೊತೆ ಸದ್ದನ್ನೂ ಮಾಡುತ್ತಿದ್ದರು. ಈ ಹುಡುಗಿ ಸದ್ದು ಮಾಡಲಿಲ್ಲ. ಗಡವನ ಹೆಗಲ ಮೇಲೆ ಕುಳಿತಾಗ ದೂರದ ಹುಣಸಿಕೊಪ್ಪದಲ್ಲಿ ತಗಡುಗಳು ಮಿಂಚುವುದನ್ನು ಕಂಡಳು. ಎಲ್ಲರ ಸೂರು ಹೋಗಿರುವಾಗ ಅವರದು ಹೇಗೆ ಉಳಿಯಿತು? ಬುತ್ತಿ ಕಟ್ಟಿಕೊಂಡು ಒಬ್ಬಳೇ ನಡೆದಳು.

ಹುಣಸಿಕೊಪ್ಪದವರ ಬಾಯಿ ಸುತ್ತ ಏಳೂರಿಗೆ ಗೊತ್ತು. ಅಲ್ಲಿ ದನ ಕೂಡ ಬೈಸಿಕೊಳ್ಳದೆ ಹಾಲು ಕೊಡುವುದಿಲ್ಲ. ಮೊದಲ ಮನೆಯ ಕೆಂಚವ್ವ ಮುದುಕಿ ಇವಳನ್ನು ನೋಡಿ, “ಯಾಕ ಬಂದೀ, ನಮ್ಮ ತಗಡ ಎಣಸಾಕ?” ಅಂದಳಂತೆ. ಗಡವ ಬಂದಿತ್ತೇ ಎಂದು ಇವಳು ಕೇಳಿದರೆ, “ಬಂದಿತ್ತು. ಹಾಳಾಗಿ ಹೋಗು, ಈ ಕಡೆ ಮಾರಿ ತೋರಸಬ್ಯಾಡ ಅಂದೆ. ಹ್ವಾತು” ಅಂದು ಕಸಬರಿಗೆ ಎತ್ತಿಕೊಂಡಳಂತೆ. ರಾಜಮಾ ಪಟ್ಟಣದ ದಾರಿಯಿಂದ ಹಿಂತಿರುಗಿದಳು. ಪಟ್ಟಣದ ಹೆಬ್ಬಾಗಿಲ ಕಮಾನಿನ ಮೇಲೆ ಒಂದು ಮಗ್ಗುಲಿಗೆ ‘ಸುಸ್ವಾಗತ’ ಎಂದು ಬರೆದಿತ್ತು. ಹಿಂದಿನ ಮಗ್ಗುಲಿಗೆ ‘ವಂದನೆಗಳು, ಮತ್ತೆ ಬನ್ನಿ’. ಕಮಾನಿನ ಕೆಳಗೆ ಮೂವತ್ತೊಂಬತ್ತು ಗಡವಗಳು ಹೋಗುತ್ತಿದ್ದವು, ಓದುತ್ತಿದ್ದವು, ತಿರುಗಿ ಬರುತ್ತಿದ್ದವು.

ಅವಳು ಬಂದವಳೇ ನನಗೆ ಹೇಳಿದಳು: “ದೊಡ್ಡವ್ವಾ, ನಾವು ದಿನಾ ಕರೀತೇವಿ. ಅದು ದಿನಾ ಬರತೈತಿ.”

ಊರವರೆಲ್ಲ ಗುಡಿಯ ಕಟ್ಟೆಯ ಮೇಲೆ ಕುಳಿತು ಬರೀ ‘ಹೋಗು’ ಅನ್ನುವುದನ್ನು ಅಭ್ಯಾಸ ಮಾಡಿದೆವು. ಗೌಡರು ಮೀಸೆ ತಿರುವಿ, “ಹೋಗು” ಅಂದರು, ಉಸಿರು ಹಿಡಿದರು, ಮುಖ ಕೆಂಪಾಯಿತು, ಕೊನೆಗೆ “...ಬಾ” ಎಂದು ಬಿಟ್ಟರು. “ಗೌಡರ, ನೀವು ಹಿಂಗ ಅಂದ್ರ ಅದು ಹೆಂಡ್ರು ಮಕ್ಕಳನ್ನೂ ಕರ್ಕೊಂಡ ಬರತೈತಿ” ಎಂದು ಮೋದಿನಸಾಬರು ನಕ್ಕರು, ಆಮೇಲೆ ತಾವೂ ಹಾಗೇ ಅಂದರು. ನನ್ನಿಂದಂತೂ ಆಗಲೇ ಇಲ್ಲ. ಬರೀ ‘ಹೋಗು’ ಅನ್ನುವುದು ಮಣ್ಣಿಗೆ ಇಡುವಾಗ, ಬಾಗಿಲಿಗೆ ಬಂದವರಿಗಲ್ಲ ಎಂದು ನಮ್ಮವ್ವ ಕಲಿಸಿದ್ದಳು.

ಮರುದಿನ ಗಡವ ಸಾಲೆಯ ಮುಂದೆ ಬಂದು ನಿಂತಿತು. ಜಿಟಿಜಿಟಿ ಮಳೆ. ಒಳಗೆ ಕೂಸು ಅಳುತ್ತಿತ್ತು. ರಾಜಮಾ ಒಬ್ಬಳೇ ಹೊರಗೆ ಹೋಗಿ ಅದರ ಬಲಗಾಲು ತಟ್ಟಿದಳು. ಅದು ತಲೆ ಬಗ್ಗಿಸಿತು. ಅವಳು, “ಹೋಗು” ಅಂದಳು.

ಗಡವ ಹೋಗಲಿಲ್ಲ. ಮಾತಿನ ಇನ್ನರ್ಧಕ್ಕೆ ಕಾಯುತ್ತ ನಿಂತಿತು. ಅಷ್ಟು ದೊಡ್ಡ ಕಣ್ಣು, ರೆಪ್ಪೆ ಕೂಡ ಬಡಿಯಲಿಲ್ಲ. ರಾಜಮಾ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಬಹಳ ಹೊತ್ತಾದ ಮೇಲೆ ಅದು ತಿರುಗಿ ಗುಡ್ಡ ಹತ್ತಿತು, ಹಿಂಗವಿಯಲ್ಲಿ ಇಳಿಯಿತು. ಸುದ್ದಿ ತಿಳಿದು ಪಟ್ಟಣದವರು ಕಮಾನಿನ ಬರಹ ಕೆರೆದರು, ಅಲ್ಲಿಯವೂ ಹೋದವು. ಅವು ಯಾವ ಕಾಲಕ್ಕೆ ಇಳಿದವೋ ಶಿವನೇ ಬಲ್ಲ.

ಸೂರು ಉಳಿಯಿತು, ಕೂಸು ಉಳಿಯಿತು. ಊರಲ್ಲಿ ಅವಳಿಗೆ ಆರತಿ ಎತ್ತಿದೆವು. ಮೂರನೆಯ ದಿನ ಅವಳು ನನ್ನ ಹತ್ತಿರ ಬಂದು, “ದೊಡ್ಡವ್ವಾ, ಮೊದಲನೇ ದಿನಾ ನೀ ಅದಕ್ಕ ಏನ ಅಂದಿದ್ದಿ?” ಎಂದು ಕೇಳಿದಳು. ಹೇಳಿದೆ. ಹೇಳುತ್ತಿರುವಾಗಲೇ ನನ್ನ ಕೈಯ ಕಸಬರಿಗೆ ಕೆಳಗೆ ಬಿತ್ತು. ತಗಡು ಬಿಟ್ಟರೆ ಏನೂ ಇಲ್ಲ ಎಂದವಳು ನಾನು. ಅದು ಇದ್ದುದನ್ನು ತಿಂದಿತು. ಹೂಳು ತೆಗೆ ಅಂದರೆ ತೆಗೆಯಿತು, ಬಾ ಅಂದರೆ ಬಂತು, ಹೋಗು ಅಂದರೆ ಹೋಯಿತು. ತಗಡು ಬೇಡಪ್ಪ, ಒಣಗಿದ ಜೋಳದ ದಂಟೈತಿ, ಕಣಕಿ ತಿನ್ನು ಎಂದು ಒಬ್ಬರಾದರೂ ಅಂದಿದ್ದರೆ ಸಾಕಿತ್ತು. ನಾನು ದಿನಾ ಪೂಜೆ ಮಾಡುವವಳು, ಆಡಿದ ಮಾತಿಗೆ ಅಷ್ಟು ನಿಷ್ಠೆಯಿಂದ ನಡೆಯುವ ಜೀವವನ್ನು ಬೇರೆಲ್ಲೂ ಕಂಡಿಲ್ಲ. ರಾಜಮಾ ಅಳಲಿಲ್ಲ. ಅಂದಿನಿಂದ ಸಂಜೆಯಾದರೆ ಹಿಂಗವಿಯ ಬಾಯಲ್ಲಿ ಕುಳಿತಿರುತ್ತಾಳೆ. ಯಾಕವ್ವ ಎಂದರೆ, ಗಾಳಿಗೆ ಕುಂತೀನಿ ಅನ್ನುತ್ತಾಳೆ.

ಅದಕ್ಕೇ ಈ ಪತ್ರ ಬರೆದು ಹಿಂಗವಿಯಲ್ಲಿ ಬಿಡುತ್ತಿದ್ದೇನೆ. ಅದು ನಿಮ್ಮ ಕಾಲದಲ್ಲೇ ಎದ್ದಿರಬೇಕೆಂದು ನನ್ನ ನಂಬಿಕೆ. ಕಂಡರೆ ಹೆದರಬೇಡಿ, ಊಟ ಆಯಿತೇ ಎಂದು ಕೇಳಿ, ಆದರೆ ಕಣಕಿ ತೋರಿಸಿ ಕೇಳಿ. ಹುಡುಗರು ಜಾರಿ ಆಡಲಿ. ಕಳಿಸುವಾಗ, “ಕಲ್ಲಹೊಲಕ್ಕ ಹೋಗಿ ಬಾ” ಅನ್ನಿ. ಏಳು ತಲೆಮಾರಿನ ದಾರಿ ಅದು, ಆದರೆ ಗಡವಗಳು ಸಾವಿರ ವರ್ಷ ಬದುಕುತ್ತವೆ, ನಿಧಾನಕ್ಕೆ ನಡೆದು ಬರಲಿ. ನನ್ನ ಮನೆಗೆ ಹೊಸ ತಗಡು ಹೊದಿಸಿದ್ದೇನೆ. ಹಿತ್ತಲಲ್ಲಿ ಒಂದು ಬಣವಿ ಬೇರೆ ಇಟ್ಟಿದ್ದೇನೆ.

ಪತ್ರ ಮಡಿಸುವ ಮುಂಚೆ ರಾಜಮಾ ಇಣುಕಿ ನೋಡಿ ಇದೊಂದನ್ನು ಬರೆ ಅಂದಳು: ಬಲಗಡೆ ನಿಂತು ಹೇಳಬೇಕಂತೆ. ಅದರ ಎಡಗಿವಿ ಕೇಳಿಸುವುದಿಲ್ಲ.