ಐದು ಮನೆಯ ನಾಲಿಗೆ

ಹೇತಾಲಖಾಲಿ, ಸಾತ್‌ಖೀರಾ
೧೨ ಭಾದ್ರ, ಬಂಗಾಬ್ದ ೧೪೨೯

ನಿಭಾ ದೀದಿ,

ಪ್ರಣಾಮ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಕೆಲಸವಿತ್ತು ಎಂದರೆ ಸುಳ್ಳಾಗುತ್ತದೆ. ಪೆನ್ನು, ಹಾಳೆ, ಹೊತ್ತು ಮೂರೂ ಇದ್ದವು. ಸುಮ್ಮನೆ ಕೂತಿದ್ದೆ. ನಿನ್ನ ಮಂಡಿನೋವು ಹೇಗಿದೆ?

ಇಲ್ಲಿಯ ಸುದ್ದಿ ಗದ್ದೆಯದೇ. ಚಂಡಮಾರುತಕ್ಕೆ ಒಡ್ಡು ಒಡೆದು ನಮ್ಮ ಐದು ಮನೆಯ ಗದ್ದೆಗೆ ನುಗ್ಗಿದ ಸಮುದ್ರದ ನೀರು ಹೋಯಿತು, ಉಪ್ಪು ಉಳಿಯಿತು. ಈ ವರ್ಷ ಕೃಷಿ ಇಲಾಖೆಯ ತಹಮೀನಾ ಆಪಾ ಬಂದು ದಾರಿ ಹೇಳಿದಳು: ಜಿಪ್ಸಮ್ ಹಾಕಿ ಮಳೆನೀರು ನಿಲ್ಲಿಸಿ ಉಪ್ಪು ತೊಳೆಯಿರಿ, ಕಳಿತ ಸಗಣಿಗೊಬ್ಬರ ಸೇರಿಸಿ, ಯೂರಿಯಾ ಪೂರ್ತಿ ಬೇಡ, ಅರ್ಧ ಸಾಕು.

ಪಕ್ಕದ ಗದ್ದೆಯ ಖಗೇನ್‌ದಾನ ಬಾಯಿ ಸುಮ್ಮನಿರುತ್ತದೆಯೇ? "ಅರ್ಧ ಸಗಣಿ, ಅರ್ಧ ಸರ್ಕಾರ, ಮೇಲೆ ಜಿಪ್ಸಮ್ಮಿನ ಅಲಂಕಾರ!" ಎಂದು ಹಾಡಿದ. ಹಾಡುತ್ತಲೇ ಹಾಕಿದ.

"ನೆಡೋಕೆ ಮುಂಚೆ ಮೀಟರ್ ತರ್ತೀನಿ, ಉಪ್ಪು ಎಷ್ಟಿದೆ ನೋಡೋಣ" ಎಂದಳು ಆಪಾ.

"ನಮ್ ಚಾರು ನಾಲಿಗೆ ಇರೋವಾಗ ಮೀಟರ್ ಯಾಕವ್ವ?" ಎಂದ ಆಚೆ ಗದ್ದೆಯ ಮಜೀದ್ ಭಾಯಿ.

ಮಣ್ಣು ನೆಕ್ಕಿ ಉಪ್ಪು ಹೇಳುವುದು ನಮ್ಮಮ್ಮ ಕಲಿಸಿದ ವಿದ್ಯೆಯಲ್ಲವೇ? ಶ್ರಾವಣದ ಮೊದಲ ವಾರ ಐದೂ ಗದ್ದೆಯ ಮಣ್ಣನ್ನು ನಾಲಿಗೆಗಿಟ್ಟೆ. "ಸಪ್ಪೆ. ನೆಡಿ" ಎಂದೆ. ನೆಟ್ಟರು. ಹತ್ತೇ ದಿನಕ್ಕೆ ತುದಿ ಬೆಳ್ಳಗಾಗಿ ಪೈರು ಮಲಗಿತು.

ಬೈಗುಳವೆಲ್ಲ ಆಪಾಗೆ. "ನಿನ್ನ ಕಲಬೆರಕೆ ಗೊಬ್ಬರ ನೀನೇ ತಿನ್ನು ತಾಯಿ. ಗದ್ದೆ ಸಿಗಡಿ ಸಾಕೋರಿಗೇ ಕೊಡ್ತೀವಿ" ಎಂದ ಮಜೀದ್ ಭಾಯಿ. ಸಿಗಡಿಗೆಂದು ಮತ್ತೆ ಉಪ್ಪುನೀರು ಬಿಟ್ಟರೆ ಇಲ್ಲಿ ಭತ್ತದ ಕಥೆ ಮುಗಿದಂತೆಯೇ.

ಕೊಳದ ಮೆಟ್ಟಿಲಲ್ಲಿ, ಎಲ್ಲರೆದುರು ಹೇಳಿಬಿಟ್ಟೆ. "ಗೊಬ್ಬರದ್ದು ತಪ್ಪಿಲ್ಲ. ನನ್ನ ನಾಲಿಗೆ ಸತ್ತು ವರ್ಷ ಆಯ್ತು. ಉಪ್ಪೂ ಒಂದೇ, ಸಕ್ಕರೆಯೂ ಒಂದೇ."

"ಅದಕ್ಕಾ ನಿನ್ ಮನೆ ಚಾ ಹಂಗಿರ್ತಿದ್ದಿದ್ದು!" ಎಂದ ಖಗೇನ್‌ದಾ. ಯಾರೂ ನಗಲಿಲ್ಲ. ಆಮೇಲೆ ಅವನೇ ಮೆಲ್ಲಗೆ, "ಮೊದ್ಲೇ ಹೇಳ್ಬಾರ್ದಿತ್ತೇನೇ?" ಎಂದ.

ಆಪಾ ಮೀಟರ್ ತಂದಳು. ಮಳೆನೀರು ಕಟ್ಟಿ, ಬಸಿದು, ಮತ್ತೆ ಕಟ್ಟಿ, ಮೀಟರ್ ಒಪ್ಪಿದ ಮೇಲೆ ಬೇರೆ ಊರಿನ ಸಸಿ ತಂದು ನೆಟ್ಟೆವು. ಅದೇ ಸಗಣಿ, ಅದೇ ಅರ್ಧ ಯೂರಿಯಾ. ಸಿಗಡಿಯ ಮಾತು ಸದ್ಯಕ್ಕೆ ನಿಂತಿದೆ. ನಿನ್ನೆ ಬದುವಿನ ಮೇಲೆ ನಿಂತು ನೋಡಿದೆ. ಹಸಿರಾಗಿದೆ. ನನಗೆ ಖುಷಿಯಾಗಬೇಕಿತ್ತು. ಕಾದೆ. ಆಗಲಿಲ್ಲ. ಮನೆಗೆ ಬಂದೆ.

ಮಕ್ಕಳಿಗೆ ನನ್ನ ಆಶೀರ್ವಾದ. ಅವರ ಗದ್ದೆ, ಅವರ ಗಡಿಗೆ ಎರಡೂ ತುಂಬಿರಲಿ.

ನಿನ್ನ ತಂಗಿ,
ಚಾರುಬಾಲಾ

ಉಳಿದ ಮಾತು: ಹೋದ ವರ್ಷ ನಮ್ಮ ಯಜಮಾನರನ್ನು ಒಯ್ದ ಜ್ವರ ನನಗೂ ಬಂದಿತ್ತಲ್ಲ. ಕೊನೆಯ ದಿನ ಗಂಜಿ ಕೊಟ್ಟೆ. ಒಂದು ಗುಟುಕು ಕುಡಿದು "ಉಪ್ಪಿಲ್ಲ ಕಣೇ" ಎಂದರು. ನಾನೂ ಬಾಯಿಗಿಟ್ಟು ನೋಡಿದೆ. ಏನೂ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನಲು ನಾಚಿಕೆಯಾಗಿ, "ಊರಿಗೆಲ್ಲ ಉಪ್ಪು ಹೇಳೋಳು ನಾನು. ನಾಲಿಗೆ ಕೆಟ್ಟಿರೋದು ನಿಮ್ದು" ಎಂದೆ. ಬಟ್ಟಲು ಸರಿಸಿದರು. ಮತ್ತೆ ಮಾತಾಡಲಿಲ್ಲ. ಎಲ್ಲ ಮುಗಿದ ಮೇಲೆ ಅಡುಗೆಮನೆಗೆ ಹೋದೆ. ಗಂಜಿಗೆಂದು ತೆಗೆದಿಟ್ಟ ಉಪ್ಪು ಒಲೆಯ ಪಕ್ಕ, ತಟ್ಟೆಯಲ್ಲೇ ಇತ್ತು.